ಸೋಗೆಯ ಹಳದಿ, ಮೊಬೈಲಿನ ಕಣ್ಣು

ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆಯ ನಮ್ಮವರ ಮನೆಯ ಹಾಲ್‌ಗೆ ಕಾಲಿಟ್ಟರೆ ಗೋಡೆಯಲ್ಲಿ ಏನು ಕಾಣ್ತದೆ? ಒಂದು ಆಯತುಲ್ ಕುರ್ಸಿ, ಒಂದು ಕಅಬಾದ ಚಿತ್ರ, ಐದು ಹೊತ್ತಿನ ನಮಾಝಿನ ಸಮಯ ತೋರಿಸುವ ಗಡಿಯಾರ, ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರ್. ಮುಖದ ಫೋಟೋ ತೂಗುಹಾಕುವ ರೂಢಿ ನಮ್ಮಲ್ಲಿ ಕಡಿಮೆ. ಮದುವೆ ಆಲ್ಬಂ ಇರ್ತದೆ, ಆದರೆ ಅದು ಕಪಾಟಿನೊಳಗೆ. ಅದೇ ಮನೆಯ ಹಿಂದಿನ ಬಾಗಿಲು ತೆಗೆದರೆ ಅಡಿಕೆ, ಕಾಳುಮೆಣಸು, ಕಾಫಿ, ಬಾಳೆ, ಕೆಸು. ಕಣ್ಣು ಹಾಯಿಸಿದಷ್ಟೂ ಹಸಿರು. ಈ ಹಸಿರನ್ನು ಫೋಟೋ ಮಾಡಿ ಗೋಡೆಗೆ ಹಾಕೋಣ ಅಂತ ಯಾರಿಗೂ ಅನ್ನಿಸುವುದಿಲ್ಲ. ದಿನಾ ಕಾಣುವುದಕ್ಕೆ ಫೋಟೋ ಯಾಕೆ ಎಂಬ ಮಾತು ಬರ್ತದೆ.

ಮಾತು ಸರಿಯೇ. ಇಡೀ ತೋಟದ ಫೋಟೋ ಯಾರಿಗೂ ಬೇಡ. ಇಲ್ಲಿ ಹೇಳಹೊರಟಿರುವುದು ಬೇರೆ ಥರದ ಫೋಟೋ. ಗಿಡದ ಎಷ್ಟು ಹತ್ತಿರ ಹೋಗಬೇಕೆಂದರೆ, ನೋಡಿದವರಿಗೆ ಅದು ಗಿಡ ಅಂತಲೇ ಗೊತ್ತಾಗಬಾರದು. ಗೆರೆ, ಚುಕ್ಕೆ, ಬಣ್ಣ, ನೆರಳು ಅಷ್ಟೇ ಉಳಿಯಬೇಕು. ಪುಸ್ತಕದ ಭಾಷೆಯಲ್ಲಿ ಇದಕ್ಕೆ ಅಮೂರ್ತ ಛಾಯಾಗ್ರಹಣ ಅಂತಾರೆ, ಮಕ್ಕಳು ಅಬ್‌ಸ್ಟ್ರಾಕ್ಟ್ ಅಂತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಕೈಯಲ್ಲಿ ಒಂದು ಮೊಬೈಲ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಇದು ನಮಗೆ ಹೊಸತು ಅನ್ನುವವರು ಒಂದು ಅಡಿಕೆಯನ್ನು ಅಡ್ಡಕ್ಕೆ ಹೋಳು ಮಾಡಿ ನೋಡಲಿ. ಬಿಳಿ ತಿರುಳಿನೊಳಗೆ ಕಂದು ಗೆರೆಗಳು ಅಂಚಿನಿಂದ ನಡುವಿಗೆ ನುಗ್ಗಿರ್ತವೆ. ಒಂದು ಹೋಳಿನ ಹಾಗೆ ಇನ್ನೊಂದು ಇರುವುದಿಲ್ಲ. ಘಟ್ಟ ಹತ್ತಿ ಬಂದು ಅಡಿಕೆ ವ್ಯಾಪಾರ ಮಾಡಿದ ಬ್ಯಾರಿಗಳಿಗೆ ಈ ಗೆರೆ ಓದುವುದು ಹೊಟ್ಟೆಪಾಡಿನ ವಿದ್ಯೆ. ಚೀಲಕ್ಕೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು, ಕತ್ತರಿಸಿ, ಬಿಳಿ ಎಷ್ಟು ಕಂದು ಎಷ್ಟು, ಒಳಗೆ ಟೊಳ್ಳಾ, ಕರಿ ಹಿಡಿದಿದೆಯಾ ಅಂತ ಒಂದೇ ನೋಟದಲ್ಲಿ ದರ ಹೇಳುವವರು ಈಗಲೂ ಇದ್ದಾರೆ. ಆ ಹೋಳನ್ನೇ ಕಿಟಕಿ ಪಕ್ಕ ಇಟ್ಟು, ಮೊಬೈಲ್ ಹತ್ತಿರ ಹಿಡಿದು, ಅಂಚು ಕಾಣದ ಹಾಗೆ ತೆಗೆದರೆ ನಕ್ಷೆಯಲ್ಲಿ ನದಿಗಳು ಹರಿದ ಹಾಗೆ ಕಾಣ್ತದೆ. ಮನೆಯ ಅಜ್ಜನಿಗೆ ತೋರಿಸಿ, ಅವರು ನದಿ ಅನ್ನುವುದಿಲ್ಲ, ದರ ಹೇಳ್ತಾರೆ.

ಹೆಂಗಸರ ಕಡೆಯಿಂದ ನೋಡಿದರೂ ಹಾಗೆಯೇ. ಮದುವೆಗೆ, ಹಬ್ಬಕ್ಕೆ ಕೈಗೆ ಹಾಕುವ ಮೈಲಾಂಜಿಯಲ್ಲಿ ಬಳ್ಳಿ ಇದೆ, ಎಲೆ ಇದೆ, ಮೊಗ್ಗು ಇದೆ. ಆದರೆ ಅದು ಯಾವ ಗಿಡದ ಎಲೆ ಅಂತ ಕೇಳಿದರೆ ಉತ್ತರ ಇಲ್ಲ. ಎಲೆ ಎಂಬುದರ ಆಕಾರ ಮಾತ್ರ ಉಳಿದು ಗಿಡ ಮರೆಯಾಗಿದೆ. ಅದೂ ಒಂದು ಗಿಡದ ಎಲೆ ಅರೆದೇ ಹಾಕುವುದು! ಮಂಗಳೂರು ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯ ಒಳಗಿನ ಮರದ ಕೆತ್ತನೆ ನೋಡಿದವರಿಗೂ, ಸ್ಪೇನಿನ ಅಲ್‌ಹಂಬ್ರಾ ಅರಮನೆಯ ಗೋಡೆಗಳನ್ನು ಚಿತ್ರದಲ್ಲಿ ಕಂಡವರಿಗೂ ಇದು ಗೊತ್ತಿರ್ತದೆ. ಮುಖ ಇಲ್ಲದೆ ಗೋಡೆಯನ್ನು ಚೆಂದ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಮುಸ್ಲಿಂ ಕುಶಲಕರ್ಮಿಗಳು ಸಾವಿರ ವರ್ಷ ಕೊಟ್ಟ ಉತ್ತರ ಎಲೆ ಮತ್ತು ಬಳ್ಳಿ. ಅರಬಿಯಲ್ಲಿ ಈ ಎಲೆ ಅಲಂಕಾರಕ್ಕೆ ತವ್ರೀಖ್ ಅಂತ ಹೆಸರು. ವರಖ್ ಅಂದರೆ ಎಲೆ, ಅದರಿಂದ ಬಂದ ಮಾತು.

ಫೋಟೋ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಇನ್ನೊಂದು ಪ್ರಶ್ನೆ ಇದೆಯಲ್ಲ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಹಲವು ಅಭಿಪ್ರಾಯ ಇದೆ, ಕ್ಯಾಮರಾ ಬಂದ ಮೇಲೆ ಚರ್ಚೆ ಇನ್ನೂ ಬೆಳೆದಿದೆ. ಗಿಡಮರದ ವಿಷಯದಲ್ಲಿ ಆ ತೊಡಕು ಹೆಚ್ಚಿಲ್ಲ. ಚಿತ್ರ ಮಾಡಿಯೇ ಜೀವನ ಸಾಗಿಸುತ್ತಿದ್ದ ಒಬ್ಬ ಮನುಷ್ಯ ಇಬ್ನ್ ಅಬ್ಬಾಸ್ (ರ) ಅವರ ಬಳಿ ಬಂದು ತನ್ನ ಕಷ್ಟ ಹೇಳಿಕೊಂಡಾಗ, ಮಾಡಲೇಬೇಕಾದರೆ ಮರಗಳ, ರೂಹ್ ಇಲ್ಲದ ವಸ್ತುಗಳ ಚಿತ್ರ ಮಾಡು ಎಂಬ ಅರ್ಥದಲ್ಲಿ ಅವರು ದಾರಿ ತೋರಿಸಿದ್ದು ಬುಖಾರಿಯಲ್ಲಿ ದಾಖಲಾಗಿದೆ. ಹೆಚ್ಚಿನ ವಿವರ ಬೇಕಾದವರು ತಮ್ಮ ಊರಿನ ಉಸ್ತಾದರನ್ನು ಕೇಳಬಹುದು. ಮಗಳು ಮೊಬೈಲ್ ಹಿಡಿದು ತೋಟಕ್ಕೆ ಹೊರಟರೆ ಉಮ್ಮನಿಗೆ ಇರುವ ಆತಂಕ ಹೆಚ್ಚಾಗಿ ಸೆಲ್ಫಿಯದ್ದು, ಆ ಸೆಲ್ಫಿ ಎಲ್ಲಿಗೆ ಹೋಗ್ತದೆ ಎಂಬುದರದ್ದು. ಬಾಳೆ ಎಲೆಯ ಗೆರೆ ಎಲ್ಲಿಗೆ ಹೋದರೂ ಯಾರಿಗೂ ಚಿಂತೆ ಇಲ್ಲ. ಆದರೆ ಇದೊಂದೇ ಕಾರಣಕ್ಕೆ ಹೆಣ್ಣುಮಕ್ಕಳು ಎಲೆಯ ಫೋಟೋ ತೆಗೆಯಲಿ ಅನ್ನುವ ವಾದ ನನಗೆ ಅಷ್ಟು ಹಿಡಿಸುವುದಿಲ್ಲ. ಎಲೆ ಚೆಂದ ಇದೆ, ಅದಕ್ಕೆ ತೆಗೆಯಲಿ.

ಎಲೆಯನ್ನೇ ಕಾಗದದ ಮೇಲೆ ಮೂಡಿಸುವ ಕೆಲಸ ನಮ್ಮ ಕರಾವಳಿಯಲ್ಲೇ ಬಹಳ ಹಿಂದೆ ನಡೆದಿದೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ 1862ರಲ್ಲಿ ಹುಂಝಿಕರ್ ಎಂಬವರ ಒಂದು ಪುಸ್ತಕ ಹೊರತಂದಿತು. ಹೆಸರು ‘ನೇಚರ್ಸ್ ಸೆಲ್ಫ್‌ಪ್ರಿಂಟಿಂಗ್’, ಅಂದರೆ ಪ್ರಕೃತಿ ತನ್ನನ್ನು ತಾನೇ ಅಚ್ಚು ಹಾಕಿಕೊಳ್ಳುವುದು. ದಕ್ಷಿಣ ಭಾರತದ ಉಪಯುಕ್ತ ಮತ್ತು ಅಲಂಕಾರದ ಗಿಡಗಳ ಹಸಿ ಎಲೆ, ರೆಂಬೆಗಳಿಂದಲೇ ತೆಗೆದ ಅಚ್ಚುಗಳು ಅದರಲ್ಲಿದ್ದವು. ಚಿತ್ರಕಾರ ಕೂತು ಬರೆದದ್ದಲ್ಲ, ಗಿಡವೇ ಒತ್ತಿದ ಮುದ್ರೆ. ಇಂಗ್ಲೆಂಡಿನಲ್ಲಿ ಆ್ಯನಾ ಆ್ಯಟ್ಕಿನ್ಸ್ ಎಂಬ ಹೆಂಗಸು 1843ರಲ್ಲೇ ಕಡಲಪಾಚಿಯನ್ನು ರಾಸಾಯನಿಕ ಬಳಿದ ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ಕಡುನೀಲಿಯಲ್ಲಿ ಬಿಳಿ ಚಿತ್ರ ಮೂಡಿಸಿ ಪುಸ್ತಕ ಮಾಡತೊಡಗಿದ್ದರು. ಫೋಟೋಗಳಿಂದ ಮಾಡಿದ ಮೊದಲ ಪುಸ್ತಕ ಅಂತ ಅದನ್ನು ಗುರುತಿಸ್ತಾರೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದೂ ಅದೇ 1843ರಲ್ಲಿ.

ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಕಥೆ ಇನ್ನೂ ಹತ್ತಿರದ್ದು. ಹುಡುಗನಾಗಿದ್ದಾಗ ಕಬ್ಬಿಣದ ಎರಕದ ಕೆಲಸ ಕಲಿತವರು, ಆಮೇಲೆ ಬರ್ಲಿನ್‌ನಲ್ಲಿ ಮೇಷ್ಟ್ರಾದರು. ಅಲಂಕಾರದ ಕೆಲಸ ಕಲಿಯುವ ವಿದ್ಯಾರ್ಥಿಗಳಿಗೆ ತೋರಿಸಲಿಕ್ಕೆಂದು ಸ್ವತಃ ಮಾಡಿಕೊಂಡ ಕ್ಯಾಮರಾದಲ್ಲಿ ಚಿಗುರು, ಮೊಗ್ಗು, ಸುರುಳಿ ಬಿಚ್ಚುವ ಜರಿಗಿಡಗಳನ್ನು ಮೂವತ್ತು ಪಟ್ಟಿನವರೆಗೂ ದೊಡ್ಡದು ಮಾಡಿ ತೆಗೆದರು. 1928ರಲ್ಲಿ ಪುಸ್ತಕ ಬಂದು ಹೆಸರು ಮಾಡಿದಾಗ ಅವರಿಗೆ 63 ವರ್ಷ. ಆ ಚಿತ್ರಗಳಲ್ಲಿ ಜರಿಗಿಡದ ಚಿಗುರು ಕಬ್ಬಿಣದ ಗೇಟಿನ ಸುರುಳಿಯ ಹಾಗೆ ಕಾಣ್ತದೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಫೋಟೋ ಇವತ್ತಿಗೂ ಪ್ರಸಿದ್ಧ. ಕೂಡಲೇ ನೋಡಿದರೆ ಅದು ತರಕಾರಿ ಅಂತ ಹೊಳೆಯುವುದೇ ಇಲ್ಲ. ಸಂತೆಯಿಂದ ತಂದ ದೊಣ್ಣೆಮೆಣಸು, ಅಡುಗೆಮನೆಯ ಆಲಿಕೆ! ನಮ್ಮಲ್ಲಿ ಯಾವುದು ಇಲ್ಲ ಹೇಳಿ?

ಇನ್ನು ನಮ್ಮ ತೋಟಕ್ಕೆ ಬರೋಣ. ಮೊದಲ ಪಾಠ ಬೆಳಕು. ಮಧ್ಯಾಹ್ನದ ಬಿಸಿಲಲ್ಲಿ ಎಲೆಯ ಮೇಲೆ ಬೆಳಕು ಬಿದ್ದರೆ ಬರೀ ಹೊಳಪು, ಒಳಗಿನದ್ದು ಏನೂ ಕಾಣುವುದಿಲ್ಲ. ಎಲೆಯ ಹಿಂದಿನಿಂದ ಬೆಳಕು ಬರುವ ಹಾಗೆ ನಿಲ್ಲಬೇಕು. ಸುಬಹಿ ಕಳೆದು ಬಿಸಿಲು ಓರೆಯಾಗಿ ಬರುವ ಹೊತ್ತು, ಇಲ್ಲವೇ ಅಸರ್ ನಂತರದ ಹೊತ್ತು. ಬಾಳೆ ಎಲೆಯ ನಡುದಿಂಡಿನಿಂದ ಹೊರಡುವ ಸಾಲು ಗೆರೆಗಳು ಆಗ ನೇಯ್ದ ಬಟ್ಟೆಯ ಹಾಗೆ ಕಾಣ್ತವೆ. ಕಾಳುಮೆಣಸಿನ ಎಲೆಯಲ್ಲಿ ಬುಡದಿಂದಲೇ ಕವಲೊಡೆದು ತುದಿಗೆ ಬಾಗುವ ನರಗಳು. ಪತ್ರೊಡೆಗೆ ಕೊಯ್ಯುವ ಕೆಸುವಿನ ಎಲೆ ಮೇಲೆ ಮಳೆಹನಿ ಅಂಟುವುದಿಲ್ಲ, ಪಾದರಸದ ಗುಂಡಿನ ಹಾಗೆ ಉರುಳ್ತದೆ. ಆ ಗುಂಡಿನೊಳಗೆ ಇಡೀ ಆಕಾಶ ತಲೆಕೆಳಗಾಗಿ ಕೂತಿರ್ತದೆ.

ಎರಡನೆಯದು, ಹತ್ತಿರ ಹೋಗುವುದು. ಎಲ್ಲ ಮೊಬೈಲ್ ತೀರಾ ಹತ್ತಿರದ್ದನ್ನು ಸ್ಪಷ್ಟ ತೋರಿಸುವುದಿಲ್ಲ, ಮಸುಕಾಗ್ತದೆ. ಲೆನ್ಸ್ ಮೇಲೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಕಡಿಮೆ ದರಕ್ಕೆ ಸಿಗ್ತದೆ, ಅದು ಸಾಕು. ಪರದೆಯ ಮೇಲೆ ಬೇಕಾದ ಜಾಗದಲ್ಲಿ ಬೆರಳು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ತದೆ. ಫ್ಲ್ಯಾಶ್ ಬೇಡವೇ ಬೇಡ. ಗಾಳಿ ಇದ್ದ ದಿನ ಎಲೆ ಕೊಯ್ದು ತಂದು ಕಿಟಕಿಯ ಗಾಜಿಗೆ ಅಂಟಿಸಿ ತೆಗೆಯುವುದೇ ಸುಲಭ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರು ಇಂಬಳಕ್ಕೆ ಸುಣ್ಣವೋ ಉಪ್ಪೋ ಹಿಡಿದುಕೊಂಡೇ ಹೋಗಿ, ಫೋಟೋ ತೆಗೆಯುತ್ತಾ ಕೂತವರಿಗೆ ಕಾಲಿನ ನೆನಪು ಇರುವುದಿಲ್ಲ ಮಾರಾಯ್ರೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಬೇಕಂತಲೇ ಮೊಬೈಲ್ ಅಲುಗಾಡಿಸುವುದು. ಅಡಿಕೆ ತೋಟದೊಳಗೆ ಹಗಲಲ್ಲೂ ಬೆಳಕು ಮಂದ. ಪ್ರೊ ಮೋಡ್ ಇರುವ ಮೊಬೈಲಿನಲ್ಲಿ ಶಟರ್ ಸಮಯವನ್ನು ಕಾಲು ಸೆಕೆಂಡಿಗೋ ಅರ್ಧ ಸೆಕೆಂಡಿಗೋ ಇಟ್ಟು, ಗುಂಡಿ ಒತ್ತಿದ ಕೂಡಲೇ ಮೊಬೈಲನ್ನು ಮರದುದ್ದಕ್ಕೆ ಮೇಲಿನಿಂದ ಕೆಳಗೆ ಎಳೆಯಬೇಕು. ಅಡಿಕೆ ಮರ ನೆಟ್ಟಗೆ ಇರುವುದರಿಂದ ಕಾಂಡಗಳು ಬೂದುಬಣ್ಣದ ಉದ್ದ ಗೆರೆಗಳಾಗಿ ಉಳೀತವೆ, ಸೋಗೆ, ಬಳ್ಳಿ, ನೆಲ ಎಲ್ಲ ಹಸಿರು ಕಂದು ಪಟ್ಟಿಗಳಾಗಿ ಕರಗ್ತವೆ. ಹತ್ತು ತೆಗೆದರೆ ಒಂದು ಚೆನ್ನಾಗಿ ಬರ್ತದೆ. ಉಳಿದ ಒಂಬತ್ತನ್ನು ಅಳಿಸಿ, ಮೊಬೈಲ್ ತುಂಬಿದೆ ಅಂತ ಮನೆಯಲ್ಲಿ ಗಲಾಟೆ ಬೇಡ.

ತೋಟ ಇಲ್ಲದವರಿಗೂ ಕೊರತೆ ಇಲ್ಲ. ಎನ್.ಆರ್. ಪುರ ಕಡೆಯವರಿಗೆ ಸಾಗುವಾನಿ ಇದೆ. ಒಂದು ಜಾತಿಯ ಹುಳ ಸಾಗುವಾನಿ ಎಲೆಯ ಹಸಿರನ್ನಷ್ಟೇ ತಿಂದು ನರವನ್ನು ಬಿಡ್ತದೆ. ಉಳಿಯುವುದು ಲೇಸ್ ಬಟ್ಟೆಯಂಥ ಬಲೆ. ಅದನ್ನು ಬಿಳಿ ಕಾಗದದ ಮೇಲಿಟ್ಟು ತೆಗೆದರೆ ಬೇರೆ ಅಲಂಕಾರ ಬೇಡ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದ ಕಡೆ ಒಣಗಿ ಬಿರಿದ ಮಣ್ಣಿನ ನಡುವೆ ಹುಲ್ಲು ಚಿಗುರಿರ್ತದೆ, ಅದೂ ಒಂದು. ಅಡಿಕೆ ಮರದ ಕಾಂಡದ ಮೇಲೆ ಬಿಳಿ, ಬೂದು, ತಿಳಿಹಸಿರು ಮಚ್ಚೆಗಳಿರ್ತವಲ್ಲ, ಅವು ಬಿರಿಯಾನಿ ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದವು. ಒಂದೊಂದು ಮರದಲ್ಲೂ ಒಂದೊಂದು ದೇಶದ ನಕ್ಷೆ.

ಕ್ಯಾಮರಾವೇ ಇಲ್ಲದೆ ಮಾಡುವ ಒಂದು ಪ್ರಯೋಗವೂ ಇದೆ, ರಜೆಯಲ್ಲಿ ಮಕ್ಕಳಿಗೆ ಒಳ್ಳೆಯದು. ಎರಡು ಚಮಚ ಅರಿಶಿನ ಪುಡಿಯನ್ನು ಅರ್ಧ ಲೋಟ ಸ್ಪಿರಿಟ್‌ನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುವಂಥದ್ದು, ಒಲೆಯ ಹತ್ತಿರ ಬೇಡ, ದೊಡ್ಡವರು ಜೊತೆಗಿರಿ. ಆ ಹಳದಿ ನೀರನ್ನು ದಪ್ಪ ಡ್ರಾಯಿಂಗ್ ಹಾಳೆಗೆ ಹತ್ತಿಯಲ್ಲಿ ಬಳಿದು ಕತ್ತಲೆ ಕೋಣೆಯಲ್ಲಿ ಒಣಗಿಸಿ. ಮೇಲೆ ಜರಿಗಿಡದ ಎಲೆ ಇಟ್ಟು, ಅಲುಗದ ಹಾಗೆ ಗಾಜು ಮುಚ್ಚಿ, ಕಡು ಬಿಸಿಲಿಗೆ ಎರಡು ಮೂರು ಗಂಟೆ ಇಡಿ. ಬಿಸಿಲು ತಾಗಿದ ಕಡೆ ಅರಿಶಿನ ಮಾಸ್ತದೆ, ಎಲೆಯ ಅಡಿಯಲ್ಲಿ ಹಾಗೇ ಉಳೀತದೆ. ಅಡುಗೆ ಸೋಡಾ ಕರಗಿಸಿದ ನೀರು ಚಿಮುಕಿಸಿದರೆ ಉಳಿದ ಹಳದಿ ಕೆಂಪಗೆ ತಿರುಗಿ ಎಲೆಯ ಆಕಾರ ಎದ್ದು ಬರ್ತದೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಎಲೆಅಡಿಕೆ ಹಾಕುವ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ! ಸಸ್ಯದ ರಸದಿಂದ ಹೀಗೆ ಚಿತ್ರ ಮೂಡಿಸುವ ಕ್ರಮವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಬರೆದಿಟ್ಟಿದ್ದರು. ಚಿತ್ರವನ್ನು ಬೆಳಕಲ್ಲಿಟ್ಟರೆ ಅದೂ ಮಾಸ್ತದೆ, ಪುಸ್ತಕದೊಳಗೆ ಇಡಬೇಕು. ಇದನ್ನು ಬೇಸಿಗೆಯಲ್ಲೇ ಮಾಡಿ ಮುಗಿಸಿ. ಆಗುಂಬೆ ಪಕ್ಕದಲ್ಲಿ ಕೂತು ಜುಲೈಯಲ್ಲಿ ಬಿಸಿಲು ಹುಡುಕಿದರೆ ಸಿಗುವುದಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ಚೆಂದದ ಮಾತು. ಈಗ ಚೆಂದದ ಇನ್ನೊಂದು ಮುಖ.

ಈ ಮೂರು ತಾಲೂಕುಗಳಲ್ಲಿ ಇವತ್ತು ಹತ್ತಿರದಿಂದ ತೆಗೆಯಲಿಕ್ಕೆ ಅತಿ ಚೆಂದ ಕಾಣುವ ಎಲೆ ಯಾವುದು ಗೊತ್ತಾ? ರೋಗ ಬಂದ ಎಲೆ. ಹಳದಿ ಎಲೆ ರೋಗ ಹಿಡಿದ ಅಡಿಕೆ ಸೋಗೆಯ ಒಂದು ಗರಿಯನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಿಂದ ಹಳದಿ ಇಳಿದು ಬಂದಿರ್ತದೆ, ನಡುವಿನ ನರದ ಪಕ್ಕ ಮಾತ್ರ ಹಸಿರು ಪಟ್ಟಿ ಉಳಿದಿರ್ತದೆ. ಹಳದಿಗೂ ಹಸಿರಿಗೂ ನಡುವೆ ಗೆರೆ ಎಳೆದ ಹಾಗೆ ಅಂಚು. ಎಲೆಚುಕ್ಕೆ ರೋಗದಲ್ಲಿ ಕಂದು, ಕಪ್ಪು ಚುಕ್ಕೆ, ಚುಕ್ಕೆಯ ಸುತ್ತ ಹಳದಿ ಉಂಗುರ, ಕ್ರಮೇಣ ಚುಕ್ಕೆಗಳು ಒಂದಕ್ಕೊಂದು ಕೂಡಿ ಒಣಗಿದ ಮಚ್ಚೆ. ಕಾಫಿ ಎಲೆಯನ್ನು ಮಗುಚಿದರೆ ತುಕ್ಕು ರೋಗದ ಕಿತ್ತಳೆ ಪುಡಿ. ಯಾವ ಚಿತ್ರಕಾರನೂ ಬಣ್ಣವನ್ನು ಹೀಗೆ ಹಚ್ಚಲಾರ. ಗೊತ್ತಿಲ್ಲದವರಿಗೆ ತೋರಿಸಿದರೆ ಮಾಷಾ ಅಲ್ಲಾಹ್ ಅಂತಾರೆ, ದೊಡ್ಡದು ಮಾಡಿ ಫ್ರೇಮ್ ಹಾಕಿಸಿ ಅಂತಾರೆ. ತೋಟದವರಿಗೆ ತೋರಿಸಿದರೆ ಅವರ ಮುಖ ಬಾಡ್ತದೆ.

ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ, ಎನ್.ಆರ್. ಪುರದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಕೇರಳದಲ್ಲಿ 1914ರಲ್ಲೇ ಕಂಡ ರೋಗ ಇದು. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಇದರ ಹಿಂದೆ ಇದೆ, ರಸ ಹೀರುವ ಒಂದು ಸಣ್ಣ ಕೀಟ ಅದನ್ನು ಮರದಿಂದ ಮರಕ್ಕೆ ಒಯ್ತದೆ. ಪೂರ್ತಿ ಗುಣಪಡಿಸುವ ಮದ್ದು ಇಲ್ಲ. ಕಾಯಿ ಉದುರ್ತದೆ, ಉಳಿದ ಕಾಯಿಯ ತಿರುಳು ಕರಿ ಹಿಡೀತದೆ. ಮೇಲೆ ಹೇಳಿದ ಆ ಹೋಳಿನ ಬಿಳಿ ಕಂದು ನಕ್ಷೆಯೇ ಕೆಡ್ತದೆ, ದರವೂ ಅದರ ಜೊತೆ ಬೀಳ್ತದೆ. ಇದರ ಮೇಲೆ ಕೆಲವು ವರ್ಷಗಳಿಂದ ಎಲೆಚುಕ್ಕೆ. ಇದು ಶಿಲೀಂಧ್ರದ್ದು. ಮಳೆ, ಗಾಳಿಯಲ್ಲಿ ಹರಡ್ತದೆ. ಮಗಳ ಮದುವೆಯನ್ನು, ಮಗನ ಓದನ್ನು ಈ ವರ್ಷದ ಕೊಯ್ಲಿನ ಮೇಲೆ ಇಟ್ಟುಕೊಂಡ ಮನೆಗಳಿಗೆ, ತೋಟದ ಫಸಲು ನಂಬಿ ಅಂಗಡಿ ಇಟ್ಟ, ಚೇಣಿಗೆ ತೋಟ ಹಿಡಿದ ನಮ್ಮವರಿಗೆ ಆ ಚುಕ್ಕೆ ಬರೀ ಚುಕ್ಕೆ ಅಲ್ಲ.

ಹಾಗಾದರೆ ಇಂಥ ಎಲೆಯ ಫೋಟೋ ತೆಗೆಯಬಾರದಾ? ತೆಗೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಚೆಂದ ಕಂಡದ್ದನ್ನು ಚೆಂದ ಇಲ್ಲ ಅನ್ನುವುದು ಸುಳ್ಳು. ಆದರೆ ತೆಗೆದವರು ಆ ಎಲೆಯ ವಿವರವನ್ನು ಮರೆಸಬಾರದು. ಅಮೂರ್ತ ಚಿತ್ರದಲ್ಲಿ ಅಂಚು ಕತ್ತರಿಸಿ ಗಿಡವನ್ನು ಮರೆ ಮಾಡ್ತೇವೆ. ಚಿತ್ರಕ್ಕೆ ಅದು ಬೇಕು. ಹಿಂಬದಿಯಲ್ಲಿ ಮಾತ್ರ ಎಲ್ಲವೂ ಇರಲಿ. ಯಾವ ಊರು, ಯಾವ ತೋಟ, ತೋಡಿನ ಪಕ್ಕದ ಎಷ್ಟನೇ ಸಾಲು, ಯಾವ ತಾರೀಕು, ಮಳೆ ಎಷ್ಟು ದಿನದಿಂದ ಸುರೀತಾ ಇತ್ತು. ಪೆನ್ಸಿಲಿನಲ್ಲಿ ನಾಲ್ಕು ಗೆರೆ ಬರೆದರೆ ಅದೇ ಫೋಟೋ ಮನೆಯ ಗೋಡೆಗೂ ಆಗ್ತದೆ, ತೋಟದ ಲೆಕ್ಕಕ್ಕೂ ಆಗ್ತದೆ.

ರೋಗದ ಎಲೆಯನ್ನು ದಿಟ್ಟಿಸಿ ನೋಡುವ ಕೆಲಸಕ್ಕೆ ಈ ಸೀಮೆಯಲ್ಲಿ ಹಳೆಯ ಪರಂಪರೆಯೇ ಇದೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗವನ್ನು ಹತ್ತಿರದಿಂದ ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಇವತ್ತು ಮಳೆಗೆ ಮೊದಲು ನಾವು ಹೊಡೆಸುವ ಮೈಲುತುತ್ತ, ಸುಣ್ಣದ ಬೋರ್ಡೋ ಮದ್ದು ಈ ಕಡೆಯ ಅಡಿಕೆಗೆ ಬಂದದ್ದು ಅವರ ಕಾಲದಲ್ಲಿ. ಆ ಮದ್ದು ಒಣಗಿ ಎಲೆಗಳ ಮೇಲೆ ಉಳಿಸುವ ನೀಲಿ ಬಿಳಿ ಕಲೆಯೂ ಫೋಟೋಕ್ಕೆ ಒಳ್ಳೆಯ ವಸ್ತು, ಹೇಳಲು ಮರೆತೀತು. ಬಾಳೆಹೊನ್ನೂರು ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಎಲೆಯ ತುಕ್ಕನ್ನು ಭೂತಗನ್ನಡಿಯಲ್ಲಿ ನೋಡುವ ಕೆಲಸ ಅಲ್ಲಿ ನೂರು ವರ್ಷದ್ದು. ನಮ್ಮ ಮಕ್ಕಳ ಜೇಬಿನಲ್ಲಿರುವ ಮೊಬೈಲ್ ಕೆಲವು ಭೂತಗನ್ನಡಿಗಳಿಗಿಂತ ಚೆನ್ನಾಗಿ ತೋರಿಸ್ತದೆ.

ಚೆಂದಕ್ಕಾಗಿ ಎಲೆ ನೋಡಿದ ಕಣ್ಣು ಮೊದಲ ಚುಕ್ಕೆಯನ್ನೂ ಬೇಗ ಕಾಣ್ತದೆ ಎಂಬುದು ಇದರ ಲಾಭ. ಎತ್ತರದ ಮರದ ಸೋಗೆ ಕೈಗೆ ಸಿಗುವುದಿಲ್ಲ ನಿಜ. ಆದರೆ ಎಲೆಚುಕ್ಕೆ ಸಣ್ಣ ಗಿಡಗಳನ್ನೂ ಬಿಡುವುದಿಲ್ಲ, ಕೆಳಗಿನ ಸೋಗೆಯಲ್ಲಿ ಮೊದಲು ಕಾಣ್ತದೆ. ಬಿದ್ದ ಸೋಗೆಯನ್ನೂ ನೋಡಬಹುದು. ಚುಕ್ಕೆ ಹೆಚ್ಚಿದ ಸೋಗೆ ಕಡಿದು ತೋಟದಿಂದ ಹೊರಗೆ ಒಯ್ದು ಸುಡಬೇಕು, ಮದ್ದು ಸಿಂಪಡಿಸಬೇಕು ಅಂತ ತೋಟಗಾರಿಕೆ ಇಲಾಖೆಯವರು ಹೇಳ್ತಾರೆ. ಯಾವ ಮದ್ದು, ಎಷ್ಟು ಪ್ರಮಾಣ ಅಂತ ಅವರನ್ನೇ ಕೇಳಿ, ಅಂಗಡಿಯವನ ಮಾತಿಗೆ ಡಬ್ಬ ತರಬೇಡಿ. ಕೇಳಲಿಕ್ಕೆ ಹೋಗುವಾಗ ಮೊಬೈಲಿನಲ್ಲಿ ಎರಡು ಫೋಟೋ ಇರಲಿ. ಒಂದು ಇಡೀ ಮರದ್ದು, ಒಂದು ಚುಕ್ಕೆಯದ್ದು. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ಚಿತ್ರದ ಗುಣ ಕಡಿಮೆಯಾಗಿ ಚುಕ್ಕೆಯ ಅಂಚು ಕಾಣುವುದಿಲ್ಲ.

ಶುರು ಮಾಡುವವರಿಗೆ ಒಂದು ಸಣ್ಣ ಕ್ರಮ. ಮನೆಗೆ ಹತ್ತಿರದ ಒಂದು ಎಳೆ ಅಡಿಕೆ ಗಿಡ ಆರಿಸಿ, ಒಂದೇ ಸೋಗೆಗೆ ದಾರ ಕಟ್ಟಿ ಗುರುತು ಮಾಡಿ. ಪ್ರತಿ ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ಅದೇ ಸೋಗೆಯ ಅದೇ ಗರಿಯನ್ನು, ಅಷ್ಟೇ ಹತ್ತಿರದಿಂದ ಒಂದು ಫೋಟೋ. ಮಳೆ ಹಿಡಿಯುವ ಮೊದಲು ಆರಂಭಿಸಿದರೆ ಮಳೆ ಬಿಡುವಷ್ಟರಲ್ಲಿ ಹದಿನೈದು ಇಪ್ಪತ್ತು ಚಿತ್ರ ಆಗ್ತವೆ. ಸ್ಟುಡಿಯೋದಲ್ಲಿ ಸಣ್ಣದಾಗಿ ಪ್ರಿಂಟ್ ಹಾಕಿಸಿ, ತಾರೀಕಿನ ಸಾಲಿನಲ್ಲಿ ಒಂದೇ ಚೌಕಟ್ಟಿನೊಳಗೆ ಜೋಡಿಸಿ, ಆ ಕಅಬಾದ ಚಿತ್ರಕ್ಕೂ ಗಡಿಯಾರಕ್ಕೂ ನಡುವೆ ಉಳಿದ ಖಾಲಿ ಜಾಗದಲ್ಲಿ ತೂಗುಹಾಕಬಹುದು.